ಜರ್ಮನಿಯ ಊರಿನ ಅಕಾರ್ಡಿಯನ್ ಸಂಘದಲ್ಲಿ ಏನೇನು ನಡೆಯುತ್ತದೆ? ಹಾರ್ಮೋನಿಯಂ ಮಾತ್ರ ಬಲ್ಲವರು ಸೇರಬಹುದೇ?

ಉದ್ಯೋಗದ ನಿಮಿತ್ತ ಸ್ಟುಟ್‌ಗಾರ್ಟ್ ಸಮೀಪದ ಸಣ್ಣ ಊರೊಂದಕ್ಕೆ ಬಂದಿರುವುದಾಗಿಯೂ, ಅಲ್ಲಿಯ ಅಕಾರ್ಡಿಯನ್ ಸಂಘದ ವಾರ್ಷಿಕ ಕಛೇರಿಯ ಭಿತ್ತಿಪತ್ರ ನೋಡಿ ಆಸೆಯಾಗಿದೆ ಎಂದೂ, ಆದರೆ ತಮಗೆ ಬರುವುದು ಚಿಕ್ಕಂದಿನಲ್ಲಿ ಕಲಿತ ಹಾರ್ಮೋನಿಯಂ ಮತ್ತು ತಕ್ಕಮಟ್ಟಿನ ಜರ್ಮನ್ ಮಾತ್ರ ಎಂದೂ ಬರೆದಿದ್ದೀರಿ. ನೆಕರ್ ನದಿಯ ಕಣಿವೆಯ ಅಂಥದೇ ಒಂದು ಸಂಘದಲ್ಲಿ ನಾನು ಹಲವು ವರ್ಷಗಳಿಂದ ನುಡಿಸುತ್ತಿದ್ದೇನೆ. ನನ್ನ ಬಂಡವಾಳವೂ ಹಾರ್ಮೋನಿಯಂ ಒಂದೇ ಆಗಿತ್ತು. ಧಾರಾಳವಾಗಿ ಸೇರಬಹುದು ಎಂಬುದೇ ನನ್ನ ಉತ್ತರ. ಆದರೆ ವಾರಕ್ಕೊಮ್ಮೆ ಹೋಗಿ ನುಡಿಸಿ ಮನೆಗೆ ಬರುವ ಸಂಗೀತ ತರಗತಿ ಇದಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಇಲ್ಲಿಯ ಸಂಘ ಅರ್ಧ ವಾದ್ಯವೃಂದವಾದರೆ ಇನ್ನರ್ಧ ಊರಿನ ಕೆಲಸ. ಆ ಎರಡನೆಯ ಅರ್ಧಕ್ಕೆ ಕೈ ಹಚ್ಚಿದ ಮೇಲೆಯೇ ಹೊಸಬರು ನಿಜವಾಗಿ ಒಳಗಿನವರಾಗುತ್ತಾರೆ.

ಮೊದಲು ವಾದ್ಯದ ಮಾತು. ಹಾರ್ಮೋನಿಯಂ ಮತ್ತು ಅಕಾರ್ಡಿಯನ್ ಎರಡರಲ್ಲೂ ಗಾಳಿಯ ಒತ್ತಡಕ್ಕೆ ಲೋಹದ ರೀಡು ಕಂಪಿಸಿ ಸ್ವರ ಹೊರಡುತ್ತದೆ. ಆದ್ದರಿಂದ ಪಿಯಾನೋ ಮಾದರಿಯ ಮನೆಗಳಿರುವ ಅಕಾರ್ಡಿಯನ್ ಕೈಗೆ ಬಂದರೆ ನಿಮ್ಮ ಬಲಗೈಗೆ ದಾರಿ ಬಹುಪಾಲು ಗೊತ್ತಿರುತ್ತದೆ. ಬಲಗೈಯ ಕಡೆಯೂ ಗುಂಡಿಗಳೇ ಇರುವ ವಾದ್ಯಗಳೂ ಇವೆ. ಅವನ್ನು ಸದ್ಯಕ್ಕೆ ಬಿಟ್ಟುಬಿಡಿ. ಎಡಗೈಯ ಗುಂಡಿಗಳನ್ನು ನೋಡಿ ಬಹಳ ಜನ ಹಿಂಜರಿಯುತ್ತಾರೆ. ದೊಡ್ಡ ವಾದ್ಯದಲ್ಲಿ 120 ಗುಂಡಿಗಳಿರುತ್ತವೆ, ಇಪ್ಪತ್ತರಂತೆ ಆರು ಸಾಲು. ಆದರೆ ಆ ಜೋಡಣೆಯ ಸೂತ್ರ ನಮ್ಮವರಿಗೆ ಪರಕೀಯವಲ್ಲ. ಮೂಲ ಸ್ವರಗಳ ಸಾಲಿನಲ್ಲಿ ಒಂದು ಗುಂಡಿಯನ್ನು ಷಡ್ಜ ಎಂದಿಟ್ಟುಕೊಂಡರೆ ಗದ್ದದ ಕಡೆಗಿರುವ ಮುಂದಿನ ಗುಂಡಿ ಪಂಚಮ, ಕೆಳಗಿನದು ಶುದ್ಧ ಮಧ್ಯಮ. ಪಕ್ಕದ ಸಾಲಿನಲ್ಲಿ ಅದರ ಅಂತರ ಗಾಂಧಾರ ಸಿಗುತ್ತದೆ. ಉಳಿದ ನಾಲ್ಕು ಸಾಲುಗಳು ಒಂದೇ ಒತ್ತಿಗೆ ಮೂರು ಸ್ವರ ಕೂಡಿ ನುಡಿಯುವ ಗುಂಡಿಗಳು. ಸಿ ಸ್ವರದ ಗುಂಡಿಯ ಮೇಲೆ ಸಣ್ಣದೊಂದು ಗುಳಿ ಇರುವುದರಿಂದ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ, ಸಂಘದ ವಾದ್ಯವೃಂದದಲ್ಲಿ ಆ ಗುಂಡಿಗಳನ್ನು ನೀವು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಜರ್ಮನಿಯ ಅಕಾರ್ಡಿಯನ್ ವೃಂದಗಳಲ್ಲಿ ಪ್ರತಿಯೊಬ್ಬರೂ ಸಾಮಾನ್ಯವಾಗಿ ಬಲಗೈಯ ಮನೆಗಳಲ್ಲಿ ಒಂದು ಭಾಗವನ್ನು ಮಾತ್ರ ನುಡಿಸುತ್ತಾರೆ. ಒಂದನೆಯ ಧ್ವನಿಯಿಂದ ನಾಲ್ಕನೆಯ ಧ್ವನಿಯವರೆಗೆ ಗುಂಪುಗಳಿರುತ್ತವೆ, ಮಂದ್ರಕ್ಕೆಂದೇ ಬೇರೆ ಬಾಸ್ ಅಕಾರ್ಡಿಯನ್ ಇರುತ್ತದೆ. ಕೊಳಲು, ಕೊಂಬು ಮೊದಲಾದವುಗಳ ನಾದಕ್ಕಾಗಿ ಎಲೆಕ್ಟ್ರೋನಿಯಂ ಎಂಬ ವಿದ್ಯುತ್ ವಾದ್ಯವೂ, ಹಿಂದೆ ತಾಳವಾದ್ಯಗಳೂ ಸೇರುತ್ತವೆ. ಹೊಸಬರನ್ನು ಮೂರನೆಯ ಅಥವಾ ನಾಲ್ಕನೆಯ ಧ್ವನಿಯಲ್ಲಿ, ಅನುಭವಿಗಳೊಬ್ಬರ ಪಕ್ಕದಲ್ಲಿ ಕೂರಿಸುವುದು ವಾಡಿಕೆ. ಅಲ್ಲಿ ವೇಗ ಕಡಿಮೆ, ಜೊತೆಗೆ ಪಕ್ಕದವರ ಬೆರಳು ನೋಡಿಕೊಂಡು ದಾರಿ ಹಿಡಿಯಬಹುದು.

ಹಾರ್ಮೋನಿಯಂನವರಿಗೆ ನಿಜವಾಗಿ ಕಷ್ಟವಾಗುವುದು ತಿದಿ. ನಮ್ಮ ವಾದ್ಯದಲ್ಲಿ ಒಳಗಿನ ತಿದಿ ಗಾಳಿಯನ್ನು ಕೂಡಿಟ್ಟುಕೊಳ್ಳುವುದರಿಂದ ಹೊರಗೆ ಹಾಕುವ ಕೈ ತುಸು ಏರುಪೇರಾದರೂ ನಾದ ಒಂದೇ ಸಮನೆ ಹರಿಯುತ್ತದೆ. ಅಕಾರ್ಡಿಯನ್‌ನಲ್ಲಿ ಅಂಥ ದಾಸ್ತಾನು ಇಲ್ಲ. ಎಡತೋಳು ಎಳೆದಷ್ಟೇ, ಒತ್ತಿದಷ್ಟೇ ನಾದ. ತೋಳಿನ ದಿಕ್ಕು ಬದಲಾದಾಗ ಸ್ವರದಲ್ಲಿ ಸಣ್ಣದೊಂದು ಕಡಿತ ಬರುತ್ತದೆ. ಇಪ್ಪತ್ತು ಮಂದಿ ಇಪ್ಪತ್ತು ಕಡೆ ತಿದಿ ತಿರುಗಿಸಿದರೆ ಸಾಹಿತ್ಯದ ನಡುವೆ ಸಿಕ್ಕಸಿಕ್ಕಲ್ಲಿ ಉಸಿರು ತೆಗೆದಂತಾಗುವುದರಿಂದ, ಎಲ್ಲಿ ತಿರುಗಿಸಬೇಕೆಂಬುದನ್ನು ಸ್ವರಲಿಪಿಯಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತೇವೆ. ನಮ್ಮ ನಿರ್ದೇಶಕಿ ಕೆಲವು ಸಂಜೆ ತಾಲೀಮನ್ನು ಒಂದು ಸ್ವರವೂ ಇಲ್ಲದೆ ಆರಂಭಿಸುತ್ತಾರೆ. ಎಡಗೈ ಹೆಬ್ಬೆರಳಿನ ಬಳಿ ಇರುವ ಗಾಳಿಗುಂಡಿಯನ್ನು ಒತ್ತಿ ಹಿಡಿದು, ಅವರ ಕೈ ತೆರೆದಂತೆ ಎಲ್ಲರೂ ತಿದಿ ತೆರೆಯಬೇಕು, ಮುಚ್ಚಿದಂತೆ ಮುಚ್ಚಬೇಕು. ಸಭಾಂಗಣದಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ, ಯಾರ ತಿದಿ ಮುಂದೆ ಹೋಯಿತು, ಯಾರದು ಹಿಂದೆ ಬಿತ್ತು ಎಂಬುದು ಆಗ ನಿಚ್ಚಳವಾಗಿ ಕೇಳಿಸುತ್ತದೆ. ವೃಂದದಲ್ಲಿ ನುಡಿಸುವುದನ್ನು ಕಲಿಸಿದ್ದು ಈ ಅಭ್ಯಾಸವೇ ಎಂದು ನಾನು ನಂಬಿದ್ದೇನೆ.

ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಯದೆ ಗತಿಯಿಲ್ಲ. ಕೇಳಿ ನುಡಿಸುವ ನಮ್ಮ ಅಭ್ಯಾಸ ಇಲ್ಲಿ ಸಾಕಾಗುವುದಿಲ್ಲ, ಏಕೆಂದರೆ ನಾಲ್ಕನೆಯ ಧ್ವನಿಗೆ ಹಾಡಿನ ಧಾಟಿ ಸಿಗುವುದೇ ಅಪರೂಪ. ದಿನವೂ ಸ್ವಲ್ಪ ಹೊತ್ತು ಕುಳಿತರೆ ಕೆಲವೇ ತಿಂಗಳಲ್ಲಿ ಕಣ್ಣು ಪಳಗುತ್ತದೆ.

ಆ ಪ್ರದೇಶದಲ್ಲಿ ಇಷ್ಟೊಂದು ಅಕಾರ್ಡಿಯನ್ ಸಂಘಗಳು ಏಕಿವೆ ಎಂದೂ ಕೇಳಿದ್ದೀರಿ. ಕಾರಣ ಟ್ರಾಸಿಂಗನ್ ಎಂಬ ಊರು. ಅಕಾರ್ಡಿಯನ್ ಎಂಬ ಹೆಸರಿನಲ್ಲಿ ಮೊದಲ ಪೇಟೆಂಟ್ ಪಡೆದವರು ವಿಯೆನ್ನಾದ ಸಿರಿಲ್ ಡೆಮಿಯನ್, 1829ರಲ್ಲಿ. ಆದರೆ ಜರ್ಮನಿಯಲ್ಲಿ ಅದನ್ನು ಮನೆಮನೆಗೆ ತಲುಪಿಸಿದ್ದು, ಗಡಿಯಾರ ತಯಾರಕರಾಗಿದ್ದ ಮಥಿಯಾಸ್ ಹೋನರ್ 1857ರಲ್ಲಿ ಟ್ರಾಸಿಂಗನ್‌ನಲ್ಲಿ ಬಾಯಿ ಹಾರ್ಮೋನಿಕಾ ತಯಾರಿಸಲು ತೊಡಗಿ ಸ್ಥಾಪಿಸಿದ ಕಂಪನಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಅಕಾರ್ಡಿಯನ್‌ಗೂ ಕೈ ಹಾಕಿತು. ವಾದ್ಯ ಮಾರಿದರೆ ಸಾಲದು, ನುಡಿಸುವವರು, ಕಲಿಸುವವರು, ನುಡಿಸಲು ತಕ್ಕ ಕೃತಿಗಳು ಬೇಕು ಎಂಬುದನ್ನು ಆ ಕಂಪನಿ ಅರಿತಿತ್ತು. ಶಿಕ್ಷಕರ ತರಬೇತಿ, ಸ್ವರಲಿಪಿ ಪ್ರಕಾಶನ, ತನ್ನದೇ ವಾದ್ಯವೃಂದ ಎಲ್ಲವೂ ಅಲ್ಲಿ ಬೆಳೆದವು. 1927ರಲ್ಲಿ ಹ್ಯೂಗೋ ಹೆರ್ಮಾನ್ ಅಕಾರ್ಡಿಯನ್‌ಗೆಂದೇ ಏಳು ಕೃತಿಗಳನ್ನು ರಚಿಸಿದ್ದು ಈ ವಾದ್ಯದ ಇತಿಹಾಸದಲ್ಲಿ ಮುಖ್ಯ ಘಟನೆ. ಅಲ್ಲಿಯವರೆಗೆ ಅದು ಬಹುಮಟ್ಟಿಗೆ ಕುಣಿತದ ಮತ್ತು ಜನಪದ ಧಾಟಿಗಳ ವಾದ್ಯವೆನಿಸಿತ್ತು. ಪಿಯಾನೋ ಕೊಳ್ಳಲಾಗದ ಕಾರ್ಮಿಕ ಕುಟುಂಬಗಳಿಗೆ ಇದು ಎಟುಕುತ್ತಿತ್ತು. ಹೀಗೆ ಊರೂರಿನಲ್ಲಿ ಸಂಘಗಳು ಹುಟ್ಟಿದವು. ಅವುಗಳ ಒಕ್ಕೂಟವಾದ ಜರ್ಮನ್ ಹಾರ್ಮೋನಿಕಾ ಸಂಘದ ಕೇಂದ್ರವೂ ಟ್ರಾಸಿಂಗನ್‌ನಲ್ಲೇ ಇದೆ. ಅಲ್ಲಿಯ ಹಾರ್ಮೋನಿಕಾ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ, ಒಂದು ದಿನದ ಪ್ರಯಾಣಕ್ಕೆ ತಕ್ಕ ಸ್ಥಳ.

ಈಗ ಸಂಘದ ಆಡಳಿತ. ಕಾನೂನಿನ ಪ್ರಕಾರ ನೋಂದಣಿಗೆ ಕನಿಷ್ಠ ಏಳು ಸದಸ್ಯರಿರಬೇಕು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಲೆಕ್ಕ ತಪಾಸಿಗರು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ವರದಿ ಒಪ್ಪಿಸುತ್ತಾರೆ. ಆ ಸಭೆಗೆ ತಪ್ಪದೆ ಹೋಗಿ. ಬಾಸ್ ಅಕಾರ್ಡಿಯನ್‌ನ ದುರಸ್ತಿಗೆ ಎಷ್ಟು ಹಣ ಹೋಯಿತು, ಮಕ್ಕಳ ಗುಂಪಿಗೆ ಹೊಸ ವಾದ್ಯ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಗಳನ್ನು ಕೇಳಿದರೆ ಸಂಘ ಯಾವ ನೆಲೆಯ ಮೇಲೆ ನಿಂತಿದೆ ಎಂಬುದು ಅರ್ಥವಾಗುತ್ತದೆ. ಸದಸ್ಯರಲ್ಲಿ ವಾದ್ಯವನ್ನೇ ಮುಟ್ಟದವರು ಬಹಳ ಮಂದಿ ಇರುತ್ತಾರೆ. ಹಿಂದೆ ನುಡಿಸುತ್ತಿದ್ದವರು, ನುಡಿಸುವವರ ತಂದೆತಾಯಿಗಳು, ಊರಿನ ಅಂಗಡಿಯವರು, ಇವರೆಲ್ಲ ವಂತಿಗೆ ಕೊಟ್ಟು ಬೆಂಬಲಿಸುವ ಸದಸ್ಯರು. ಅನೇಕ ಸಂಘಗಳಲ್ಲಿ ವಾದಕರಿಗಿಂತ ಇವರ ಸಂಖ್ಯೆಯೇ ಹೆಚ್ಚು.

ವಂತಿಗೆಯಿಂದಷ್ಟೇ ಸಂಘ ನಡೆಯುವುದಿಲ್ಲ. ನಿರ್ದೇಶಕರ ಸಂಭಾವನೆ, ಸಭಾಂಗಣದ ಬಾಡಿಗೆ, ಸ್ವರಲಿಪಿಗಳ ಬೆಲೆ, ಸಾರ್ವಜನಿಕವಾಗಿ ನುಡಿಸಿದ ಕೃತಿಗಳಿಗೆ, ಸಂಗೀತ ರಚನಕಾರರ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಗೆಮಾ ಸಂಸ್ಥೆಗೆ ಸಲ್ಲಿಸಬೇಕಾದ ಹಕ್ಕಿನ ಶುಲ್ಕ, ಎಲ್ಲಕ್ಕೂ ಹಣ ಬೇಕು. ಅದು ಬರುವುದು ಬೇಸಿಗೆಯ ಊರಹಬ್ಬದ ಮಳಿಗೆಯಿಂದ, ಕ್ರಿಸ್‌ಮಸ್ ಸಂತೆಯಿಂದ, ಕೆಲವು ಊರುಗಳಲ್ಲಿ ಶನಿವಾರ ಬೆಳಿಗ್ಗೆ ಮನೆಮನೆಯ ಮುಂದಿಟ್ಟ ಹಳೆಯ ಕಾಗದದ ಕಟ್ಟುಗಳನ್ನು ಸಂಗ್ರಹಿಸುವುದರಿಂದ, ಮತ್ತು ವಾರ್ಷಿಕ ಕಛೇರಿಯ ದಿನದ ಊಟ ತಿಂಡಿಯಿಂದ. ಹಬ್ಬಕ್ಕೆ ಕೆಲವು ವಾರ ಮೊದಲು ತಾಲೀಮಿನಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಬರುತ್ತದೆ. ಮೊದಲ ಅಂಕಣದಲ್ಲಿ ಮಾಂಸದ ಒಲೆ, ಎರಡನೆಯದರಲ್ಲಿ ಬಿಯರ್ ಮತ್ತು ಪಾನೀಯ, ಮೂರನೆಯದರಲ್ಲಿ ಪಾತ್ರೆ ತೊಳೆಯುವ ಯಂತ್ರ, ಕೊನೆಯಲ್ಲಿ ಯಾರು ಯಾವ ಕೇಕ್ ಮಾಡಿ ತರುತ್ತಾರೆ ಎಂಬ ಪಟ್ಟಿ. ಪ್ರತಿ ಅಂಕಣದಲ್ಲೂ ಎರಡೆರಡು ಗಂಟೆಯ ಪಾಳಿ. ಮಾಂಸ ಮುಟ್ಟದವರಿಗೂ ಬೇಕಾದಷ್ಟು ಕೆಲಸವಿದೆ. ನಾನು ಪಾತ್ರೆಯ ಪಾಳಿಯಲ್ಲೇ ಇರುತ್ತೇನೆ. ಆಲೂಗಡ್ಡೆ ಸಲಾಡ್‌ನಲ್ಲಿ ಮಾಂಸದ ಸಾರು ಬೆರೆಸುವುದು ಇಲ್ಲಿಯ ರೂಢಿಯಾದ್ದರಿಂದ ಸಸ್ಯಾಹಾರಿಯಾಗಿದ್ದರೆ ಕೇಳಿ ತಿನ್ನಿ, ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಆ ಹಾಳೆ ನಿಮ್ಮ ಬಳಿ ಬಂದಾಗ ಮುಂದಕ್ಕೆ ದಾಟಿಸಬೇಡಿ ಎಂಬುದು ನನ್ನ ಕಳಕಳಿಯ ಮಾತು. ತಾಲೀಮಿನ ಹೊತ್ತಿನಲ್ಲಿ ಮಾತಿಗೆ ಅವಕಾಶವಿಲ್ಲ, ಮುಗಿದ ಮೇಲಿನ ಹರಟೆ ಈ ಭಾಗದ ಆಡುಮಾತಾದ ಸ್ವೇಬಿಯನ್ ಉಪಭಾಷೆಯಲ್ಲಿ ನಡೆಯುವುದರಿಂದ ಮೊದಮೊದಲು ತಲೆಬುಡ ತಿಳಿಯುವುದಿಲ್ಲ. ಬಿಸಿ ತಟ್ಟೆಗಳನ್ನು ಯಂತ್ರದಿಂದ ತೆಗೆದು ಒರೆಸುತ್ತ ಎರಡು ಗಂಟೆ ಒಬ್ಬರ ಪಕ್ಕದಲ್ಲಿ ನಿಂತರೆ ಅವರು ಎಲ್ಲಿ ಹುಟ್ಟಿದರು, ಯಾವ ಕಾರ್ಖಾನೆಯಲ್ಲಿದ್ದರು, ಮೊದಲ ವಾದ್ಯ ಹೇಗೆ ಸಿಕ್ಕಿತು ಎಲ್ಲ ತಿಳಿಯುತ್ತದೆ, ನಿಮ್ಮ ಊರು ಮನೆಯ ವಿಚಾರವೂ ಅವರಿಗೆ ತಿಳಿಯುತ್ತದೆ. ನನ್ನ ಜರ್ಮನ್ ಸುಧಾರಿಸಿದ್ದು ತರಗತಿಗಿಂತ ಹೆಚ್ಚಾಗಿ ಅಲ್ಲಿಯೇ. ಇನ್ನೊಂದು ವಿಷಯ: ಸಂಘದೊಳಗೆ ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಾರೆ. ನಮ್ಮ ನಾಲಿಗೆಗೆ ಅದು ಸುಲಭವಲ್ಲ, ಆದರೂ ಹಾಗೆಯೇ ಕರೆಯಿರಿ. ಗೌರವದ ರೂಪ ಬಳಸಿದರೆ ದೂರ ನಿಂತಂತೆ ಭಾವಿಸುತ್ತಾರೆ.

ಊರಿನ ಬಾಳಿನೊಳಗೂ ಸಂಘ ಹೆಣೆದುಕೊಂಡಿರುತ್ತದೆ. ಹಳೆಯ ಸದಸ್ಯರೊಬ್ಬರಿಗೆ ಎಪ್ಪತ್ತೋ ಎಂಬತ್ತೋ ತುಂಬಿದರೆ ಕೆಲವರು ವಾದ್ಯ ಹೊತ್ತು ಅವರ ಮನೆಯಂಗಳದಲ್ಲಿ ಎರಡು ಮೂರು ಕೃತಿ ನುಡಿಸಿ ಬರುತ್ತಾರೆ, ವೃದ್ಧಾಶ್ರಮಕ್ಕೆ ಹಬ್ಬದ ಮುಂಚೆ ಹೋಗುತ್ತಾರೆ, ಸದಸ್ಯರ ಅಂತ್ಯಕ್ರಿಯೆಯಲ್ಲೂ ನುಡಿಸುವುದುಂಟು. ವೃದ್ಧಾಶ್ರಮದ ಕಾರ್ಯಕ್ರಮಗಳನ್ನು ನಾನು ಮುಖ್ಯ ಕಛೇರಿಗಿಂತ ಹೆಚ್ಚು ಇಷ್ಟಪಡುತ್ತೇನೆ. ಹಳೆಯ ವಾಲ್ಟ್ಜ್ ಒಂದು ಆರಂಭವಾದೊಡನೆ, ಅಷ್ಟು ಹೊತ್ತು ಮಾತೇ ಆಡದಿದ್ದವರೊಬ್ಬರು ಸಾಹಿತ್ಯವನ್ನು ಕೊನೆಯ ಸಾಲಿನವರೆಗೆ ಹಾಡಿದ್ದನ್ನು ಕಂಡಿದ್ದೇನೆ. ವಾರ್ಷಿಕ ಕಛೇರಿಯ ನಡುವೆ 25, 40, 50 ವರ್ಷ ಸದಸ್ಯರಾಗಿದ್ದವರನ್ನು ವೇದಿಕೆಗೆ ಕರೆದು ಪದಕ ತೊಡಿಸುತ್ತಾರೆ.

ಏನು ನುಡಿಸುತ್ತಾರೆ ಎಂದರೆ, ಪೋಲ್ಕಾ ಮಾತ್ರ ಎಂಬುದು ತಪ್ಪು ಕಲ್ಪನೆ. ಶಾಸ್ತ್ರೀಯ ಕೃತಿಗಳ ರೂಪಾಂತರ, ಟ್ಯಾಂಗೋ, ಚಲನಚಿತ್ರ ಸಂಗೀತ, ಅಕಾರ್ಡಿಯನ್ ವೃಂದಕ್ಕೆಂದೇ ಬರೆದ ಗಂಭೀರ ರಚನೆಗಳು ಎಲ್ಲವೂ ಕಾರ್ಯಕ್ರಮದಲ್ಲಿರುತ್ತವೆ. ಉತ್ಸಾಹಿ ಸಂಘಗಳು ತೀರ್ಪುಗಾರರೆದುರು ನುಡಿಸಿ ಶ್ರೇಣಿ ಪಡೆಯಲು ಸ್ಪರ್ಧೆಗಳಿಗೂ ಹೋಗುತ್ತವೆ. ಮೂರು ವರ್ಷಕ್ಕೊಮ್ಮೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಡೆಸುವ ಉತ್ಸವಕ್ಕೆ ಹಲವು ದೇಶಗಳಿಂದ ಸಾವಿರಾರು ವಾದಕರು ಬರುತ್ತಾರೆ.

ಸಂಘಗಳ ಇಂದಿನ ಸ್ಥಿತಿಯ ಬಗ್ಗೆ ನನಗೆ ಚಿಂತೆಯಿದೆ. ಯುದ್ಧಾನಂತರದ ದಶಕಗಳ ಉಬ್ಬರದಲ್ಲಿ ಸೇರಿದವರು ಈಗ ವೃದ್ಧರು, ಆಮೇಲೆ ಗಿಟಾರ್ ಮತ್ತು ಕೀಬೋರ್ಡ್ ಮಕ್ಕಳನ್ನು ಸೆಳೆದವು. ವಾದಕರು ಸಾಲದೆ ಅಕ್ಕಪಕ್ಕದ ಊರಿನ ಎರಡು ಸಂಘಗಳು ಕೂಡಿ ಒಂದು ವೃಂದ ನಡೆಸುವುದು ಈಗ ಸಾಮಾನ್ಯ. ಅದಕ್ಕಾಗಿಯೇ ಬಾಯಿಂದ ಊದಿ ನುಡಿಸುವ ಮೆಲೋಡಿಕಾದೊಂದಿಗೆ ಮಕ್ಕಳ ಗುಂಪು ಆರಂಭಿಸಿ, ತೋಳಿಗೆ ಬಲ ಬಂದ ಮೇಲೆ ಸಣ್ಣ ಅಕಾರ್ಡಿಯನ್ ಕೊಡುತ್ತಾರೆ. ನಿಮಗೆ ಮಕ್ಕಳಿದ್ದರೆ ಕರೆದೊಯ್ಯಿರಿ. ವಲಸೆ ಬಂದ ಕುಟುಂಬಗಳನ್ನು ಸಂಘಗಳು ಸಂತೋಷದಿಂದಲೇ ಸ್ವಾಗತಿಸುವುದನ್ನು ನಾನು ಕಂಡಿದ್ದೇನೆ.

ವಾದ್ಯವನ್ನು ಈಗಲೇ ಕೊಳ್ಳಬೇಡಿ. ಸಂಘದಲ್ಲಿ ಕಡ ಕೊಡುವ ವಾದ್ಯಗಳಿರುತ್ತವೆ. 120 ಗುಂಡಿಯ ವಾದ್ಯ ಹತ್ತು ಕಿಲೋ ದಾಟುವುದರಿಂದ 72 ಗುಂಡಿಯದನ್ನು ಕೇಳಿ, ಬೆನ್ನಿಗೂ ಹಿತ. ಮುಂದೆ ಹಳೆಯ ವಾದ್ಯ ಕೊಳ್ಳುವ ಸಂದರ್ಭ ಬಂದರೆ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ತಿದಿಯ ಪಟ್ಟಿ ಬಿಚ್ಚಿ, ಯಾವ ಮನೆಯನ್ನೂ ಒತ್ತದೆ, ಒಂದು ಬದಿಯನ್ನು ಹಿಡಿದು ಇನ್ನೊಂದನ್ನು ತೂಗುಬಿಟ್ಟಾಗ ತಿದಿ ಸರಸರನೆ ತೆರೆದುಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಬೂಷ್ಟಿನ ವಾಸನೆ ಬಂದರೆ ಬಿಟ್ಟು ಬನ್ನಿ. ರೀಡುಗಳನ್ನು ಜೇನುಮೇಣ ಮತ್ತು ರಾಳದ ಮಿಶ್ರಣದಿಂದ ಕೂರಿಸಿರುವುದರಿಂದ ಬೇಸಿಗೆಯಲ್ಲಿ ವಾದ್ಯವನ್ನು ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗಿ ರೀಡು ಜಾರುತ್ತದೆ. ಮತ್ತೆ ಶ್ರುತಿ ಮಾಡಿಸುವ ಖರ್ಚು ಹಳೆಯ ವಾದ್ಯದ ಬೆಲೆಯನ್ನೇ ಮೀರಬಹುದು.

ಸೇರಲು ತಕ್ಕ ಸಮಯವೆಂದರೆ ವಾರ್ಷಿಕ ಕಛೇರಿ ಮುಗಿದ ನಂತರದ ವಾರಗಳು ಅಥವಾ ಬೇಸಿಗೆ ರಜೆಯ ಕೊನೆ. ಕಛೇರಿಗೆ ಮುಂಚಿನ ತಾಲೀಮುಗಳಲ್ಲಿ ಎಲ್ಲರೂ ಒತ್ತಡದಲ್ಲಿರುತ್ತಾರೆ, ಹೊಸಬರಿಗೆ ಗಮನ ಕೊಡಲಾಗುವುದಿಲ್ಲ. ಈ ರಾಜ್ಯದಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಶಾಲೆಗೆ ರಜೆ, ಆಗ ತಾಲೀಮೂ ಸಾಮಾನ್ಯವಾಗಿ ಇರುವುದಿಲ್ಲ. ಭಿತ್ತಿಪತ್ರದಲ್ಲಿರುವ ಕಛೇರಿಗೆ ಮೊದಲು ಕೇಳುಗರಾಗಿ ಹೋಗಿ, ವಿರಾಮದಲ್ಲಿ ಕೇಕ್ ಮಾರುವವರ ಬಳಿ ನಿಮ್ಮ ಆಸೆ ಹೇಳಿ. ನಿರ್ದೇಶಕರ ಬಳಿಗೆ ಅವರೇ ಕರೆದೊಯ್ಯುತ್ತಾರೆ. ಎಷ್ಟನೆಯ ಧ್ವನಿಯಲ್ಲಿ ಜಾಗವಿದೆ, ಕಡಕ್ಕೆ ವಾದ್ಯವಿದೆಯೇ, ಸದಸ್ಯತ್ವ ಪಡೆಯುವ ಮೊದಲು ಕೆಲವು ತಾಲೀಮುಗಳಿಗೆ ಸುಮ್ಮನೆ ಬಂದು ಕೂರಬಹುದೇ, ಈ ಮೂರನ್ನು ಆಗಲೇ ಕೇಳಿಬಿಡಿ.