ಜರ್ಮನಿಯೋ, ಸುರತ್ಕಲ್ಲೋ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಬಿಇ ಮೆಕ್ಯಾನಿಕಲ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಎಂ.ಟೆಕ್ ಪ್ರವೇಶ ಪರೀಕ್ಷೆಯಾದ ಗೇಟ್‌ನಲ್ಲಿ ಒಳ್ಳೆಯ ಸ್ಕೋರ್ ಬಂದಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂ.ಟೆಕ್ ಸೀಟು ಸಿಗುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ಇದರ ನಡುವೆ ಒಂದು ಕನ್ಸಲ್ಟೆನ್ಸಿಯವರು ಜರ್ಮನಿಯ ಖಾಸಗಿ ಯೂನಿವರ್ಸಿಟಿಯೊಂದರ ಆಫರ್ ಲೆಟರ್ ತರಿಸಿಕೊಟ್ಟಿದ್ದಾರೆ. ಎರಡು ವರ್ಷಕ್ಕೆ ಎಲ್ಲ ಸೇರಿ 40 ಲಕ್ಷ. ಅಡಿಕೆ ತೋಟ ಅಡ ಇಟ್ಟು 30 ಲಕ್ಷ ಸಾಲ ಮಾಡೋಣ ಅಂತ ಅಪ್ಪ ಹೇಳುತ್ತಾರೆ. ತೋಟಕ್ಕೆ ಎಲೆಚುಕ್ಕಿ ರೋಗ ಬೇರೆ. ಇಲ್ಲೇ ಉಳಿದರೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ ಅನ್ನುವ ಭಯವೂ ಇದೆ. ಏನು ಮಾಡಲಿ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಫೈಲುಗಳನ್ನು ನೋಡುತ್ತಲೇ ನಿವೃತ್ತಳಾದವಳು. ಹಾಗಾಗಿ ಮೊದಲು ದುಡ್ಡಿನ ಮಾತು.

ಅಪ್ಪ ತೋಟ ಅಡ ಇಡುತ್ತೇನೆ ಅಂದರೂ ಬ್ಯಾಂಕಿನವರು ಸುಲಭಕ್ಕೆ ಒಪ್ಪುವುದಿಲ್ಲ. ಸಾಲ ಮುಳುಗಿದರೆ ಬ್ಯಾಂಕು ಯಾವ ಕಾನೂನಿನಡಿ ಆಸ್ತಿ ಹರಾಜು ಹಾಕುತ್ತದೋ, ಆ ಸರ್ಫೇಸಿ ಕಾನೂನು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ "ಮನೆ ಇದೆಯಾ, ಸೈಟ್ ಇದೆಯಾ" ಅಂತ ಕೇಳುತ್ತಾರೆ. ಕೊನೆಗೆ ಅಡ ಬೀಳುವುದು ನೀವೆಲ್ಲ ಮಲಗುವ ಮನೆ. ಪ್ಲಾಸ್ಟಿಕ್ ಕವರಿನಲ್ಲಿ ಮನೆಪತ್ರ ಸುತ್ತಿಕೊಂಡು ಬಂದ ಅಪ್ಪಂದಿರು ನನ್ನ ಟೇಬಲ್ ಮುಂದೆ ಕೂತು, "ಮಗು ಸಂಬಳ ತಗೊಳ್ಳೋಕೆ ಶುರು ಮಾಡಿದ ಮೇಲೆ ಇದು ವಾಪಸ್ ಸಿಗತ್ತಲ್ವಾ ಮೇಡಂ?" ಅಂತ ಕೇಳುತ್ತಿದ್ದರು. ಸಂಬಳ ಶುರುವಾದರೆ ಸಾಲದು. ಪೂರ್ತಿ ಸಾಲ ತೀರಿದ ಮೇಲೇ ಪತ್ರ ವಾಪಸ್.

ಲೆಕ್ಕ ಹಾಕಿ ನೋಡೋಣ. 30 ಲಕ್ಷಕ್ಕೆ ಶೇ. 10ರ ಬಡ್ಡಿ ಅಂದುಕೊಳ್ಳಿ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಇಡೀ ಸಾಲ ಮೊದಲೇ ಎತ್ತಿದ್ದರೆ ಮೂರು ವರ್ಷಕ್ಕೆ 9 ಲಕ್ಷ. 39 ಲಕ್ಷವನ್ನು 10 ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 51,500 ರೂಪಾಯಿ ಕಂತು. ಜರ್ಮನಿಯಲ್ಲಿ ಕೆಲಸ ಸಿಕ್ಕರೆ ಕಟ್ಟಬಹುದು. ಸಿಗದೆ ಊರಿಗೆ ಬಂದರೆ ಇಲ್ಲಿನ ಫ್ರೆಶರ್ ಸಂಬಳದಲ್ಲಿ ಕಟ್ಟಲಾಗದು.

ನಾನು ಜರ್ಮನಿಗೆ ವಿರೋಧಿ ಅಲ್ಲ. ಮೆಕ್ಯಾನಿಕಲ್ ಓದಿದವರಿಗೆ ಅದು ನಿಜಕ್ಕೂ ಒಳ್ಳೆಯ ಜಾಗ. ನನ್ನ ತಕರಾರು ನಿಮ್ಮ ಕೈಯಲ್ಲಿರುವ ಆ ಆಫರ್ ಲೆಟರ್ ಬಗ್ಗೆ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನವು ಟ್ಯೂಷನ್ ಫೀಸು ತೆಗೆದುಕೊಳ್ಳುವುದಿಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ (ಟಿಯು) ಕೂಡ 2024ರಿಂದ ಫೀಸು ಹಾಕಿದೆ. ಉಳಿದ ಕಡೆ ಬೇಕಾಗುವುದು ಮುಖ್ಯವಾಗಿ ಊಟ-ವಸತಿಯ ದುಡ್ಡು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷದ 11,904 ಯೂರೋ ತೋರಿಸಬೇಕು. ಯೂರೋಗೆ 100 ರೂಪಾಯಿ ಹಿಡಿದರೆ ಸುಮಾರು 12 ಲಕ್ಷ. ಅದು ನಿಮ್ಮದೇ ದುಡ್ಡು, ತಿಂಗಳಿಗೆ 992 ಯೂರೋದಂತೆ ನಿಮಗೇ ಬರುತ್ತದೆ.

ಹಾಗಿದ್ದರೆ ಕನ್ಸಲ್ಟೆನ್ಸಿಯವರು ಖಾಸಗಿ ಯೂನಿವರ್ಸಿಟಿಯನ್ನೇ ಯಾಕೆ ತೋರಿಸಿದರು? ಮಕ್ಕಳನ್ನು ಸೇರಿಸಿಕೊಟ್ಟರೆ ಕಮಿಷನ್ ಕೊಡುವ ಖಾಸಗಿ ಸಂಸ್ಥೆಗಳಿವೆ. "ನಿಮಗೆ ಅಲ್ಲಿಂದ ಎಷ್ಟು ಬರುತ್ತೆ?" ಅಂತ ನೇರವಾಗಿ ಕೇಳಿ. ವಿದೇಶಿ ವಿದ್ಯಾರ್ಥಿಗಳಿಗೆ ಮಾಹಿತಿ ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸುಗಳ ಪಟ್ಟಿ ಇದೆ, ಪ್ರತಿಯೊಂದರ ಫೀಸೂ ಇದೆ. ಒಂದು ಸಂಜೆ ಕೂತು ನೀವೇ ಹುಡುಕಿ.

ಇನ್ನು ಭಾಷೆ. ಕ್ಲಾಸು ಇಂಗ್ಲಿಷ್‌ನಲ್ಲಿ ನಡೆಯಬಹುದು, ಆದರೆ ಕಾರ್ಖಾನೆಯಲ್ಲಿ ನಡೆಯುವುದು ಜರ್ಮನ್. ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಭಾಷೆ ಬಾರದಿದ್ದರೆ ಆ ಸಮಯ ಸುಮ್ನೆ ಕರಗಿಹೋಗುತ್ತದೆ. ನಿಮ್ಮ ಪತ್ರದಲ್ಲಿ ಜರ್ಮನ್ ಕಲಿಯುತ್ತಿರುವ ಸುದ್ದಿಯೇ ಇಲ್ಲ.

ನನ್ನ ಮಾತು ಇಷ್ಟು: ಈ ವರ್ಷ ಸುರತ್ಕಲ್‌ಗೆ ಹೋಗಿ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಎರಡು ವರ್ಷಕ್ಕೆ ಹತ್ತಿರ ಹತ್ತಿರ ಮೂರು ಲಕ್ಷ. ಸಾಲ ಬೇಕಾದರೂ ಚಿಕ್ಕದು, ಮನೆಪತ್ರ ಬೀರುವಿನಲ್ಲೇ ಇರುತ್ತದೆ. ಅಲ್ಲಿದ್ದುಕೊಂಡೇ ಜರ್ಮನ್ ಶುರು ಮಾಡಿ, ಮಧ್ಯಮ ಹಂತವಾದ ಬಿ1 ಮುಗಿಸಿ. ಆಮೇಲೂ ಹೋಗುವ ಆಸೆ ಇದ್ದರೆ ಪಿಎಚ್‌ಡಿಗೆ ಹೋಗಬಹುದು. ಅಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿ ಮಾಡುವವರನ್ನು ಹೆಚ್ಚಾಗಿ ಸಂಬಳದ ಕೆಲಸಕ್ಕೇ ತೆಗೆದುಕೊಳ್ಳುತ್ತಾರೆ. ಸಾಲ ಮಾಡದೆ, ಸಂಬಳ ತಗೊಂಡು ಓದಬಹುದು. ಮಾಸ್ಟರ್ಸೇ ಅಲ್ಲಿ ಮಾಡಬೇಕು ಅಂತಿದ್ದರೆ ಒಂದು ವರ್ಷ ಕೆಲಸ ಮಾಡಿ, ನಿಮ್ಮ ಪದವಿ ಅಸಲಿ ಅಂತ ದೃಢೀಕರಿಸುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಿ, ಸರ್ಕಾರಿ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ, ಎಂ.ಟೆಕ್ ದಾರಿ ಮುಚ್ಚುವುದಿಲ್ಲ.

ಗಂಡು ನೋಡುವ ವಿಷಯ ಪತ್ರದ ಕೊನೆಯಲ್ಲಿ ಬಂದರೂ ನನಗೆ ಅದೇ ಜಾಸ್ತಿ ಕಾಡಿತು. ಮದುವೆ ಮಾತು ತಪ್ಪಿಸಲು 30 ಲಕ್ಷ ಸಾಲ ಮಾಡಬೇಡಿ. ಸಾಲ ಹೆಚ್ಚಾದಷ್ಟೂ ಮನೆಯವರ ಹಿಡಿತ ಬಿಗಿಯಾಗುತ್ತದೆ. ಸುರತ್ಕಲ್‌ನಲ್ಲೂ ಹಾಸ್ಟೆಲ್ ಇದೆ, ಎರಡು ವರ್ಷದ ಓದಿದೆ. "ಎಂ.ಟೆಕ್ ಮುಗಿದು ಕೆಲಸಕ್ಕೆ ಸೇರುವ ತನಕ ಆ ಮಾತು ಬೇಡ ಅಪ್ಪಾ" ಅಂತ ಈಗಲೇ, ಬಾಯಿಬಿಟ್ಟು ಹೇಳಿ. ನಿಮ್ಮ ಓದಿಗಾಗಿ ತೋಟವನ್ನೇ ಕೊಡಲು ಹೊರಟ ಮನುಷ್ಯ ಇಷ್ಟು ಮಾತು ಕೇಳಿಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ನನಗಿದೆ. ಬೇಕಾದರೆ ಈ ಪುಟವನ್ನೇ ಅವರಿಗೆ ಓದಲು ಕೊಡಿ.

ಎಂ.ಟೆಕ್ ಸೀಟಿಗೆ, ಎನ್‌ಐಟಿಗಳ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ ಹೆಸರು ನೋಂದಾಯಿಸಬೇಕು, ದಿನಾಂಕ ತಪ್ಪಿಸಿಕೊಳ್ಳಬೇಡಿ. ಅಲ್ಲಿ ಸೀಟು ಗೊತ್ತಾಗುವ ತನಕ ಕನ್ಸಲ್ಟೆನ್ಸಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.