ಇಪ್ಪತ್ತಾರು ಪೈಸೆಯ ಲೆಕ್ಕ

ಮಾನ್ಯರೇ,

ಮನುಷ್ಯರನ್ನು ಅಂತರಿಕ್ಷಕ್ಕೆ ಕಳುಹಿಸುವ ಗಗನಯಾನ ಯೋಜನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಕುಂದಾಪುರದ ಕಡೆಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಪೂರ್ತಿ ಪ್ರಕಟಿಸಲು ಪುಟಗಳು ಸಾಲದ ಕಾರಣ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಕೊಡುತ್ತೇನೆ. ನಿಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಸರಕಾರಿ ಆಸ್ಪತ್ರೆಯ ಯಂತ್ರ ಕೆಟ್ಟ ದಿನ ಬಾಡಿಗೆ ಕಾರು ಹಿಡಿದು ದೂರದ ಖಾಸಗಿ ಆಸ್ಪತ್ರೆಗೆ ಹೋಗಬೇಕು, ಆ ತಿಂಗಳ ಪಿಂಚಣಿ ಅಲ್ಲಿಗೆ ಮುಗಿಯುತ್ತದೆ. “ಚಂದ್ರಯಾನ ಇಳಿದಾಗ ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆದರೆ ಆ ದುಡ್ಡಿನಲ್ಲಿ ಎಷ್ಟು ಯಂತ್ರ ಬರುತ್ತಿತ್ತು ಎಂದು ಲೆಕ್ಕ ಹಾಕಿ ಹೇಳುವ ಧೈರ್ಯ ನಿಮ್ಮ ಪತ್ರಿಕೆಗೆ ಇದೆಯೇ?” ಎಂಬುದು ನಿಮ್ಮ ಪ್ರಶ್ನೆ.

ಹಾಗಾದರೆ ಲೆಕ್ಕವನ್ನೇ ಮೊದಲು ಮಾಡೋಣ. 2025-26ರ ಕೇಂದ್ರ ಬಜೆಟಿನ ಒಟ್ಟು ಗಾತ್ರ 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು 13,416 ಕೋಟಿ. ನೂರು ರೂಪಾಯಿಯಲ್ಲಿ ಸುಮಾರು 26 ಪೈಸೆ. ದೇಶದ ಜನರ ನಡುವೆ ಹಂಚಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಗೂ ತುಸು ಕಡಿಮೆ. ಅದೇ ಬಜೆಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಪಾಲು 99 ಸಾವಿರ ಕೋಟಿಗೂ ಮಿಕ್ಕಿದ್ದು. ಇಸ್ರೊಗೆ ನಾಳೆಯೇ ಬೀಗ ಹಾಕಿ ಅಷ್ಟೂ ಹಣವನ್ನು ಆರೋಗ್ಯಕ್ಕೆ ವರ್ಗಾಯಿಸಿದರೆ ಆ ಪಾಲು ಶೇ. 13ರಷ್ಟು ಹೆಚ್ಚಾದೀತು. ಅದೇನು ಮಹಾ ಎಂದು ನಾನು ಹೇಳಲಾರೆ, ಸಾವಿರಾರು ಯಂತ್ರಗಳು ಅದರಲ್ಲಿ ಖಂಡಿತ ಬರುತ್ತವೆ.

ಆದರೆ ಸರಕಾರದ ದುಡ್ಡು ಒಂದು ಕಡೆ ಉಳಿದ ಮಾತ್ರಕ್ಕೆ ನಮಗೆ ಬೇಕಾದ ಕಡೆಗೆ ಹರಿದು ಬರುವುದಿಲ್ಲ ಎಂಬುದನ್ನು ನಿಮ್ಮಂಥ ಅನುಭವಸ್ಥರಿಗೆ ಹೇಳಬೇಕಾಗಿಲ್ಲ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಕರ್ನಾಟಕ ಸರಕಾರ 2025-26ರಲ್ಲಿ ಆರೋಗ್ಯಕ್ಕೆಂದು ತೆಗೆದಿರಿಸಿದ ಮೊತ್ತ 17 ಸಾವಿರ ಕೋಟಿ ದಾಟುತ್ತದೆ. ಅಂದರೆ ಇಡೀ ದೇಶದ ಬಾಹ್ಯಾಕಾಶ ವೆಚ್ಚಕ್ಕಿಂತ ನಮ್ಮ ಒಂದು ರಾಜ್ಯದ ಆರೋಗ್ಯ ವೆಚ್ಚವೇ ದೊಡ್ಡದು. ಡಯಾಲಿಸಿಸ್‌ಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮವೊಂದು 2016ರಲ್ಲಿ ಶುರುವಾಗಿದೆ. ಒಂದು ಯಂತ್ರದ ಬೆಲೆ ಲಕ್ಷಗಳಲ್ಲಿದೆ, ಕೋಟಿಗಳಲ್ಲಿ ಇಲ್ಲ. ತಂದಿಟ್ಟ ಯಂತ್ರವನ್ನು ನಡೆಸುವುದೇ ಕಷ್ಟದ ಕೆಲಸ: ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ಅದಕ್ಕೆ ಆರ್‌ಒ ಘಟಕ ಸರಿಯಿರಬೇಕು, ಕರೆಂಟು ಹೋದರೆ ಜನರೇಟರ್ ಚಾಲೂ ಆಗಬೇಕು, ಹೊತ್ತಿಗೆ ಸರಿಯಾಗಿ ಸಂಬಳ ಪಡೆಯುವ ಟೆಕ್ನೀಶಿಯನ್ ಇರಬೇಕು, ರಿಪೇರಿಯ ಗುತ್ತಿಗೆ ಹಿಡಿದವರ ಬಿಲ್ಲು ಬಾಕಿ ಇರಬಾರದು. ನಮ್ಮ ಕರಾವಳಿಯಲ್ಲಿ ಎಪ್ರಿಲ್-ಮೇ ತಿಂಗಳಲ್ಲಿ ನೀರಿಗೆ ಏನು ಗತಿ ಎಂಬುದು ನಿಮಗೂ ಗೊತ್ತು. ನಿಮ್ಮ ಆಸ್ಪತ್ರೆಯಲ್ಲಿ ಇವುಗಳಲ್ಲಿ ಯಾವುದು ಕೈಕೊಟ್ಟಿತೆಂದು ನಾನು ಊಹಿಸಲು ಹೋಗುವುದಿಲ್ಲ, ಆದರೆ ಯಾವುದು ಕೈಕೊಟ್ಟಿದ್ದರೂ ಶ್ರೀಹರಿಕೋಟಾದ ರಾಕೆಟ್ ಅದಕ್ಕೆ ಕಾರಣವಲ್ಲ. ಜಿಲ್ಲಾ ಮಟ್ಟದಲ್ಲಿ ಉತ್ತರ ಹೇಳಬೇಕಾದವರು ಇಸ್ರೊದ ಮರೆಯಲ್ಲಿ ತಪ್ಪಿಸಿಕೊಳ್ಳಬಾರದು. ಸರಕಾರದ ದುಂದಿನ ಮಾತೇ ಬಂದರೆ, ಉಳ್ಳಾಲದಿಂದ ಮರವಂತೆಯವರೆಗೆ ಪ್ರತಿ ಮಳೆಗಾಲ ಕಡಲ್ಕೊರೆತಕ್ಕೆಂದು ಲಾರಿಗಟ್ಟಲೆ ಕಲ್ಲು ಸುರಿದು, ಮರುವರ್ಷ ಕಡಲು ಅದನ್ನು ನುಂಗಿದ ಮೇಲೆ ಮತ್ತೆ ಸುರಿಯುವ ಲೆಕ್ಕವನ್ನು ಕೇಳಿ ನಮಗೆ ಪತ್ರ ಬರೆಯುವವರು ತೀರಾ ವಿರಳ.

ಇಷ್ಟು ಹೇಳಿ ಉತ್ತರ ಮುಗಿಸಿದರೆ ಅದು ಜಾಣತನವಾದೀತೇ ಹೊರತು ನ್ಯಾಯವಾಗದು. 26 ಪೈಸೆ ಸಣ್ಣದು ಎಂಬ ಕಾರಣಕ್ಕೆ ಅದು ಸದುಪಯೋಗವಾಗಿದೆ ಎಂದು ಸಾಬೀತಾಗುವುದಿಲ್ಲ. ಚಂದ್ರಯಾನಕ್ಕೆ ಒಂದು ಹಾಲಿವುಡ್ ಸಿನಿಮಾದಷ್ಟೂ ಖರ್ಚಾಗಿಲ್ಲ ಎಂದು ಬೀಗುವವರ ವಾದವೂ ನನಗೆ ಹಿಡಿಸುವುದಿಲ್ಲ. ಸಿನಿಮಾ ಮಾಡುವವರು ನಮ್ಮ ತೆರಿಗೆಯಿಂದ ಮಾಡುವುದಿಲ್ಲ. ಇಸ್ರೊದ ಮೇಲೆ ಹಾಕಿದ ಒಂದು ರೂಪಾಯಿ ಎರಡೂವರೆ ರೂಪಾಯಿಯಾಗಿ ಮರಳುತ್ತದೆ ಎಂದು 2024ರಲ್ಲಿ ಬಂದ ವರದಿಯನ್ನೂ ಇಲ್ಲಿ ಸಾಕ್ಷಿಗೆ ಕರೆಯುವುದಿಲ್ಲ, ಏಕೆಂದರೆ ಅದನ್ನು ಮಾಡಿಸಿದ್ದು ಇಸ್ರೊವೇ. ಇನ್ನು ಅದಮಾರಿನಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿ, 1984ರಿಂದ ಹತ್ತು ವರ್ಷ ಇಸ್ರೊದ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ನಮ್ಮವರು ಎಂಬ ಅಭಿಮಾನ ನನಗೂ ಇದೆ. ಅದು ಅಭಿಮಾನವಾಗಿಯೇ ಇರಲಿ, ಖರ್ಚಿನ ಸಮರ್ಥನೆಯಾಗುವುದು ಬೇಡ.

ಸದುಪಯೋಗವೋ ಅಲ್ಲವೋ ಎಂಬುದನ್ನು ನೋಡಲು ನನಗೆ ಹತ್ತಿರದ ಜಾಗ ಮಲ್ಪೆ ಬಂದರು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ, ಮೀನುಗಾರರ ಬಾಯಲ್ಲಿ ಇನ್‌ಕಾಯ್ಸ್, ಮೀನು ಸಿಗುವ ಸಾಧ್ಯತೆಯಿರುವ ಜಾಗಗಳ ಸೂಚನೆಯನ್ನು ಕನ್ನಡದಲ್ಲೂ ಹೊರಡಿಸುತ್ತದೆ. ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಕಿಲೋಮೀಟರಿನಿಂದ ಎಷ್ಟರ ತನಕ, ಅಲ್ಲಿ ಆಳ ಎಷ್ಟು ಮೀಟರ್ ಎಂಬಿಷ್ಟೇ ವಿವರ ಅದರಲ್ಲಿರುತ್ತದೆ. ಈ ಸೂಚನೆಯ ಹಿಂದಿರುವ ಲೆಕ್ಕಾಚಾರ ಹೀಗೆ: ತಳದ ತಣ್ಣನೆಯ ನೀರು ಮೇಲೆದ್ದ ಕಡೆ ಅದರೊಂದಿಗೆ ಬಂದ ಪೋಷಕಾಂಶವನ್ನು ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ, ಅವುಗಳ ಹರಿತ್ತಿನಿಂದ ಕಡಲಿನ ಬಣ್ಣ ಮಾರ್ಪಡುತ್ತದೆ, ಅವನ್ನು ಹುಡುಕಿಕೊಂಡು ಬೂತಾಯಿಯಂಥ ಸಣ್ಣ ಮೀನು ಬರುತ್ತದೆ, ಬೂತಾಯಿಯ ಹಿಂದೆ ದೊಡ್ಡ ಮೀನು. ಆ ಬಣ್ಣವನ್ನು ಗುರುತಿಸುವ ಕಣ್ಣು 2022ರ ನವೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್ ಸರಣಿಯ ಉಪಗ್ರಹದಲ್ಲಿದೆ, ಮೇಲ್ಮೈ ನೀರಿನ ಉಷ್ಣತೆ ಬೇರೆ ಉಪಗ್ರಹಗಳಿಂದ ದೊರೆಯುತ್ತದೆ. ಡೀಸೆಲ್ ದರ ಏರಿದ ಕಾಲದಲ್ಲಿ ಗೊತ್ತುಗುರಿಯಿಲ್ಲದೆ ತಿರುಗುವ ಗಂಟೆಗಳು ಕಡಿಮೆಯಾದರೆ ಬೋಟಿನ ಮಾಲಕನಿಗೂ ಬೋಟಿನಲ್ಲಿ ದುಡಿದು ಪಾಲು ಪಡೆಯುವ ಕಲಾಸಿಗೂ ಅದರಷ್ಟು ಲಾಭ ಬೇರೆಯಿಲ್ಲ. ಮೋಡ ಕವಿದ ದಿನ ಈ ಕಣ್ಣಿಗೆ ಕಾಣುವುದಿಲ್ಲ, ನಿಜ. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಕ್ಕೆಯಲ್ಲಿಯೇ ಇರುತ್ತವೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೀನು ಎಲ್ಲಿದೆ ಎಂದು ತೋರಿಸುವ ಉಪಗ್ರಹ ಎಷ್ಟನ್ನು ಕಡಲಲ್ಲಿ ಬಿಟ್ಟು ಬರಬೇಕೆಂದು ಹೇಳುವುದಿಲ್ಲ. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗ್ ಇವುಗಳ ನಿಷೇಧ ಕಾಗದದಲ್ಲಿ ಒಂದು, ಕಡಲಲ್ಲಿ ಒಂದು ಎಂಬ ಸ್ಥಿತಿಯಿರುವಾಗ ಈ ಸೂಚನೆಯ ಪೂರ್ಣ ಲಾಭ ದೊಡ್ಡ ಬೋಟಿನವರಿಗೆ ಹೋಗುತ್ತದೆ, ನಾಡದೋಣಿಯವರು ಉಳಿದದ್ದರಲ್ಲಿ ತೃಪ್ತಿಪಡಬೇಕು. ಈ ತಕರಾರಿಗೆ ಉತ್ತರ ಮೀನುಗಾರಿಕಾ ಇಲಾಖೆಯಿಂದ ಬರಬೇಕಾದದ್ದು.

ಮಲ್ಪೆಯ ಜನ ಉಪಗ್ರಹವನ್ನು ನೆನೆಯುವುದು ಮೀನಿಗಾಗಿ ಮಾತ್ರವಲ್ಲ. 2018ರ ಡಿಸೆಂಬರ್ 13ರಂದು ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದವರು ಏಳು ಮಂದಿ. ಮನೆಯವರು ತಿಂಗಳುಗಟ್ಟಲೆ ಕಾದರು, ಹೆದ್ದಾರಿಯಲ್ಲಿ ಪ್ರತಿಭಟನೆಯಾಯಿತು, ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಗೆ ಅವಶೇಷ ಸಿಕ್ಕಿದ್ದು ಮಹಾರಾಷ್ಟ್ರದ ಮಾಲ್ವಣದ ಕಡಲತಳದಲ್ಲಿ. ಬೋಟಿನ ವಯರ್‌ಲೆಸ್ ಕೆಲವು ಹತ್ತು ಕಿಲೋಮೀಟರ್ ಮುಟ್ಟೀತು, ಮೊಬೈಲು ಅದಕ್ಕೂ ಮೊದಲೇ ಸತ್ತಿರುತ್ತದೆ. ಅದರಾಚೆ ಬೋಟು ನಡೆಸುವ ತಂಡೇಲನ ಮಾತು ದಡಕ್ಕೆ ಕೇಳಬೇಕಾದರೆ ಆಕಾಶದ ಮೂಲಕವೇ ಬರಬೇಕು. ಉಪಗ್ರಹದ ಮೂಲಕ ಸಂದೇಶ ಕಳುಹಿಸಲು ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಎಂಬ ಸಾಧನಗಳನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆ 364 ಕೋಟಿ ರೂಪಾಯಿ ವೆಚ್ಚದಲ್ಲಿ 2024ರ ಆಗಸ್ಟಿನಲ್ಲಿ ಆರಂಭವಾಯಿತು. ಅದರಿಂದ ದಡಕ್ಕೂ ಬೋಟಿಗೂ ಎರಡು ಕಡೆಯಿಂದ ಸಂದೇಶ ಹೋಗಿಬರುತ್ತದೆ. 2008ರ ಮೊದಲ ಚಂದ್ರಯಾನಕ್ಕೆ ತಗಲಿದ ಖರ್ಚು 386 ಕೋಟಿ. ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ಆಗುವ ಈ ಕೆಲಸ ಆ ಏಳು ಜನ ಹೊರಡುವ ಮೊದಲೇ ಆಗಬೇಕಿತ್ತು. ನನ್ನ ಸಿಟ್ಟು ಬಾಹ್ಯಾಕಾಶಕ್ಕೆ ದುಡ್ಡು ಹೋಯಿತು ಎಂಬುದರ ಮೇಲಲ್ಲ, ಇಂಥ ಕೆಲಸ ಸರದಿಯ ಕೊನೆಗೆ ಉಳಿಯಿತು ಎಂಬುದರ ಮೇಲೆ.

ಚಂಡಮಾರುತದ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. 1999ರಲ್ಲಿ ಒಡಿಶಾದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಫೈಲಿನ್ ಚಂಡಮಾರುತದಲ್ಲಿ ಸತ್ತವರು ಐವತ್ತಕ್ಕೂ ಕಡಿಮೆ. ಜನರನ್ನು ಬಸ್ಸು ಹತ್ತಿಸಿ ಸಾಗಿಸಿದ ಆಡಳಿತಕ್ಕೂ ಆಶ್ರಯ ಕಟ್ಟಡಗಳಿಗೂ ಅದರ ಶ್ರೇಯಸ್ಸು ಸಲ್ಲಬೇಕು, ಆದರೆ ದಿನಗಳ ಮುಂಚೆ ಹೊರಡಿ ಎಂದು ಹೇಳಲು ಸಾಧ್ಯವಾದದ್ದರ ಹಿಂದೆ ಉಪಗ್ರಹದ ಚಿತ್ರಗಳೂ ಇದ್ದವು.

ನೀವು ಚಪ್ಪಾಳೆ ತಟ್ಟಿದ ಚಂದ್ರಯಾನಕ್ಕೆ ಬರುತ್ತೇನೆ. ಅದರಿಂದ ಮೀನುಗಾರನಿಗಾಗಲಿ ರೋಗಿಗಾಗಲಿ ನೇರ ಪ್ರಯೋಜನವಿಲ್ಲ. ಇದೆ ಎಂದು ಸುತ್ತುಬಳಸಿ ತೋರಿಸಲು ನಾನು ಪ್ರಯತ್ನಿಸುವುದೂ ಇಲ್ಲ. 2023ರ ಆಗಸ್ಟ್ 23ರಂದು ಇಳಿದ ಮೂರನೆಯ ಚಂದ್ರಯಾನಕ್ಕೆ ಸುಮಾರು 615 ಕೋಟಿ ಖರ್ಚಾಯಿತು. ಅದರ 26 ಕಿಲೋ ತೂಕದ ಪುಟ್ಟ ಗಾಡಿ ದಕ್ಷಿಣ ಧ್ರುವದ ಸಮೀಪದ ಮಣ್ಣಿನಲ್ಲಿ ಗಂಧಕವಿದೆ ಎಂದು ತಿಳಿಸಿತು, ನೆಲದ ಮೇಲಿನ ಬಿಸಿಗೂ ಒಂದು ಗೇಣಿಗಿಂತ ಕಡಿಮೆ ಆಳದ ಚಳಿಗೂ ಎಷ್ಟೊಂದು ಅಂತರವಿದೆ ಎಂದು ಆ ಗಾಡಿಯನ್ನು ಹೊತ್ತು ಇಳಿದ ಲ್ಯಾಂಡರ್ ಅಳೆಯಿತು. ತಿಳಿಯುವುದಕ್ಕಾಗಿ ತಿಳಿಯುವ ಖರ್ಚು ಇದು. ಯಕ್ಷಗಾನ ಅಕಾಡೆಮಿಗೂ ತಾಡವೋಲೆಗಳ ಸಂರಕ್ಷಣೆಗೂ ಸರಕಾರ ಹಣ ಕೊಡುವುದು ಯಾವ ನ್ಯಾಯದಿಂದಲೋ ಆ ನ್ಯಾಯದಿಂದಲೇ ನಾನಿದನ್ನು ಒಪ್ಪುತ್ತೇನೆ, ಮಿತಿಯಲ್ಲಿರುವಷ್ಟು ಕಾಲ ಒಪ್ಪುತ್ತೇನೆ. 2019ರಲ್ಲಿ ಎರಡನೆಯ ಚಂದ್ರಯಾನದ ಲ್ಯಾಂಡರ್ ಬಿದ್ದಾಗ ಯಾಕೆ ಬಿತ್ತು ಎಂಬುದರ ಪೂರ್ಣ ತನಿಖಾ ವರದಿಯನ್ನು ಸಾರ್ವಜನಿಕರ ಮುಂದೆ ಇಡದೇ ಹೋದದ್ದು ಮಾತ್ರ ತಪ್ಪು. ಸೋಲಿಗೆ ಆಕ್ಷೇಪವಿಲ್ಲ, ದುಡ್ಡು ಕೊಟ್ಟವರಿಗೆ ಸೋಲಿನ ವಿವರವನ್ನು ಕೊಡದಿರುವುದಕ್ಕೆ ಆಕ್ಷೇಪವಿದೆ.

ನಿಮ್ಮ ಪ್ರಶ್ನೆ ನಿಜವಾಗಿ ನಾಟುವ ಜಾಗ ಗಗನಯಾನ. 2022ರೊಳಗೆ ಭಾರತೀಯರನ್ನು ನಮ್ಮದೇ ನೌಕೆಯಲ್ಲಿ ಅಂತರಿಕ್ಷಕ್ಕೆ ಕಳುಹಿಸುವುದಾಗಿ 2018ರಲ್ಲಿ ಕೆಂಪುಕೋಟೆಯಿಂದ ಘೋಷಣೆಯಾಯಿತು, ಆಗ ಮಂಜೂರಾದದ್ದು ಸುಮಾರು 9 ಸಾವಿರ ಕೋಟಿ. ಹೇಳಿದ ವರ್ಷ ಕಳೆದುಹೋಯಿತು. 2024ರ ಸೆಪ್ಟೆಂಬರಿನಲ್ಲಿ ಮೊತ್ತ 20,193 ಕೋಟಿಗೆ ಏರಿತು; ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗವೂ ಅದರಲ್ಲಿ ಸೇರಿದೆ. ಅಂದರೆ ಮೂರನೆಯ ಚಂದ್ರಯಾನದಂಥ ಮೂವತ್ತಕ್ಕೂ ಹೆಚ್ಚು ಯಾತ್ರೆಗಳ ಖರ್ಚು. ಮನುಷ್ಯ ಹೋದರೆ ಉಸಿರಾಡುವ ಗಾಳಿ, ಜೀವರಕ್ಷಣೆಯ ವ್ಯವಸ್ಥೆ, ಸುರಕ್ಷಿತವಾಗಿ ಮರಳಿ ತರುವ ಏರ್ಪಾಡು ಎಲ್ಲವೂ ಬೇಕಾಗುವುದರಿಂದ ವೆಚ್ಚ ಹಲವು ಪಟ್ಟು ಹೆಚ್ಚುವುದು ಸಹಜವೇ. ಆದರೆ ಯಂತ್ರದಿಂದ ಆಗದ ಯಾವ ಕೆಲಸಕ್ಕಾಗಿ ಮನುಷ್ಯನನ್ನು ಕಳುಹಿಸುತ್ತೇವೆ ಎಂಬುದಕ್ಕೆ ನನಗೆ ಈ ತನಕ ದೊರೆತ ಉತ್ತರಗಳಲ್ಲಿ ಹೆಮ್ಮೆಯ ಪಾಲು ಹೆಚ್ಚು, ವಿಜ್ಞಾನದ ಪಾಲು ಕಡಿಮೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದ ಪ್ರಯಾಣಕ್ಕೆ ಭಾರತ ತೆತ್ತದ್ದು ಸುಮಾರು 550 ಕೋಟಿ ಎಂದು ವರದಿಯಾಗಿದೆ. ಅವರ ಸಾಹಸದ ಬಗ್ಗೆ ಗೌರವವಿದೆ, ಆದರೆ ಆ ಖರ್ಚು ಹೆಚ್ಚುಕಡಿಮೆ ಇನ್ನೊಂದು ಚಂದ್ರಯಾನಕ್ಕೆ ಸಮ. ಕಳೆದ ಸಂಚಿಕೆಯ ನಮ್ಮ ಲೇಖಕರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಉತ್ತರ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇನೆ.

ಇತ್ತ ನೆಲದ ಜನರಿಗೆ ದಿನವೂ ಬೇಕಾದ ಉಪಗ್ರಹಗಳ ಪಾಡು ನೋಡಿ. ದಾರಿ ತೋರಿಸುವ ನಾವಿಕ್ ವ್ಯವಸ್ಥೆಯ ಹಲವು ಉಪಗ್ರಹಗಳಲ್ಲಿ ಸಮಯವನ್ನು ನಿಖರವಾಗಿ ಅಳೆಯುವ ಪರಮಾಣು ಗಡಿಯಾರಗಳು ಕೆಟ್ಟವು. ಬದಲಿಗೆಂದು 2025ರ ಜನವರಿ 29ರಂದು ಹಾರಿಸಿದ ಉಪಗ್ರಹ ಸೇರಬೇಕಾದ ಕಕ್ಷೆಯನ್ನು ಸೇರಲಿಲ್ಲ. ಅದೇ ವರ್ಷ ಮೇ 18ರಂದು, ಮೋಡವಿದ್ದರೂ ರಾತ್ರಿಯಾದರೂ ನೆಲವನ್ನು ನೋಡಬಲ್ಲ ರಾಡಾರ್ ಉಪಗ್ರಹವನ್ನು ಹೊತ್ತ ಪಿಎಸ್‌ಎಲ್‌ವಿ ರಾಕೆಟ್ ಮೂರನೆಯ ಹಂತದಲ್ಲಿ ವಿಫಲವಾಯಿತು. ವರ್ಷದ ನಾಲ್ಕು ತಿಂಗಳು ಮೋಡದಡಿಯಲ್ಲಿ ಬದುಕುವ, ಘಟ್ಟದ ಗುಡ್ಡಗಳು ಜರಿಯುವ ಭಯದಲ್ಲಿರುವ ನಮ್ಮಂಥ ಜಿಲ್ಲೆಗಳಿಗೆ ಅಂಥ ಉಪಗ್ರಹದ ಅಗತ್ಯ ಅಂತರಿಕ್ಷ ನಿಲ್ದಾಣಕ್ಕಿಂತ ಹೆಚ್ಚಿನದು.

ಆದುದರಿಂದ ನಿಮ್ಮ ಪತ್ರದ ಆಧಾರದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದು ದಕ್ಷಿಣ ಕನ್ನಡ ಹಾಗೂ ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳ ಸಂಸದರಿಬ್ಬರಿಗೂ ಕಳುಹಿಸುತ್ತಿದ್ದೇನೆ: 20,193 ಕೋಟಿಯಲ್ಲಿ ಈವರೆಗೆ ಖರ್ಚಾದದ್ದೆಷ್ಟು, ಮಾನವಯಾನಕ್ಕಾಗಿ ಹಿಂದೆ ಸರಿದ ಉಪಗ್ರಹ ಯೋಜನೆಗಳು ಯಾವುವು, ವಿಫಲವಾದ ಉಡಾವಣೆಗಳ ತನಿಖಾ ವರದಿಗಳು ಸದನದ ಮುಂದೆ ಬರುವುದು ಯಾವಾಗ, ಮಂಗಳೂರು, ಮಲ್ಪೆ ಮತ್ತು ಗಂಗೊಳ್ಳಿಯ ಎಷ್ಟು ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸಲಾಗಿದೆ. ಲೋಕಸಭೆಯಲ್ಲಿ ಅಂಗೀಕಾರವಾದ ಪ್ರಶ್ನೆಗೆ ಸರಕಾರ ಉತ್ತರ ಕೊಡಬೇಕು. ಬಂದ ಉತ್ತರವನ್ನು ಇದೇ ಪುಟದಲ್ಲಿ ಯಥಾವತ್ತಾಗಿ ಅಚ್ಚು ಹಾಕುತ್ತೇವೆ.

ಸಂಪಾದಕ