ಸಂಬಳವಿಲ್ಲದ ಸ್ವಯಂಸೇವಕರನ್ನು ತುರ್ತು ಸಮಯದಲ್ಲಿ ನಂಬಬಹುದಾ?

ನಂಬಬಹುದು. ಬ್ರಿಟನ್ ಕರಾವಳಿಯವರು 1824ರಿಂದ ನಂಬಿಕೊಂಡೇ ಬಂದಿದ್ದಾರೆ. ಅಲ್ಲಿ ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಹೋಗುವುದು ಆರ್‌ಎನ್‌ಎಲ್‌ಐ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್) ಸಂಸ್ಥೆಯ ದೋಣಿಗಳು. ಇದು ಸರ್ಕಾರಿ ಇಲಾಖೆ ಅಲ್ಲ, ಬಹುಪಾಲು ಜನರ ದೇಣಿಗೆಯಿಂದ ನಡೆಯುತ್ತದೆ. ದೋಣಿ ಹತ್ತುವವರಲ್ಲಿ ಸ್ವಯಂಸೇವಕರೇ ಜಾಸ್ತಿ. ಹಗಲು ಮೇಷ್ಟ್ರೋ ಪ್ಲಂಬರೋ ಆಗಿರುತ್ತಾರೆ, ಪೇಜರ್ ಬಡಿದುಕೊಂಡರೆ ತಟ್ಟೆ ಬಿಟ್ಟು ಓಡುತ್ತಾರೆ.

ಸುಮ್ನೆ ಒಳ್ಳೆ ಮನಸ್ಸಿದ್ದರೆ ಸಾಲದು ಅಲ್ವಾ? ಅದಕ್ಕೇ ದೋಣಿಮನೆಗೆ ಹತ್ತಿರ ಇರುವವರನ್ನೇ ಸೇರಿಸಿಕೊಳ್ಳುತ್ತಾರೆ, ತರಬೇತಿ ತಪ್ಪಿಸುವಂತಿಲ್ಲ. ದೋಣಿಗೆ ಬೇಕಾದವರಿಗಿಂತ ಹೆಚ್ಚು ಜನ ಪಟ್ಟಿಯಲ್ಲಿರುತ್ತಾರೆ. ಹಾಗಾಗಿ ಒಬ್ಬ ಊರಲ್ಲಿಲ್ಲದಿದ್ದರೂ ದೋಣಿ ನಿಲ್ಲುವುದಿಲ್ಲ. ನನ್ನ ಪ್ರಕಾರ ನಂಬಿಕೆಯ ಅರ್ಧ ಗುಟ್ಟು ಈ ಪಟ್ಟಿಯಲ್ಲೇ ಇದೆ.

ಉಳಿದರ್ಧ ನೋಡಬೇಕಾದರೆ ಕಾರ್ನ್‌ವಾಲ್‌ನ ಮೌಸ್‌ಹೋಲ್ ಎಂಬ ಹಳ್ಳಿಗೆ ಹೋಗಬೇಕು. (ಬರೆಯುವುದು ಹೀಗೆ, ಊರವರು ಕರೆಯುವುದು 'ಮೌಜಲ್'.) 1981ರ ಡಿಸೆಂಬರ್ 19ರ ರಾತ್ರಿ, ಭಾರಿ ಬಿರುಗಾಳಿ. ಎಂಜಿನ್ ಕೆಟ್ಟ ಯೂನಿಯನ್ ಸ್ಟಾರ್ ಹಡಗಿನವರನ್ನು ಕಾಪಾಡಲು 'ಸಾಲಮನ್ ಬ್ರೌನ್' ಎಂಬ ಮರದ ದೋಣಿ ಹೊರಟಿತು. 17 ವರ್ಷದ ಹುಡುಗನೊಬ್ಬ ಅಪ್ಪನ ಜೊತೆ ಓಡಿಬಂದಿದ್ದ. ನಾಯಕ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಇಂಥ ರಾತ್ರಿ ಒಂದು ಮನೆಯಿಂದ ಇಬ್ಬರು ಬೇಡ ಅಂದ. ಹಡಗಿನಿಂದ ನಾಲ್ವರನ್ನು ಹತ್ತಿಸಿಕೊಂಡಿದ್ದೇವೆ ಎಂದು ದೋಣಿಯವರು ರೇಡಿಯೋದಲ್ಲಿ ತಿಳಿಸಿದರು. ಆಮೇಲೆ ಸದ್ದಿಲ್ಲ. ದೋಣಿಯ ಎಂಟೂ ಜನ, ಹಡಗಿನ ಎಂಟೂ ಜನ ಸತ್ತರು.

ಒಂದೇ ದಿನದೊಳಗೆ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಅದೇ ಹಳ್ಳಿಯಲ್ಲಿ ಮುಂದೆ ಬಂದರು. ದಡದಲ್ಲೇ ಉಳಿದಿದ್ದ ಆ ಹುಡುಗ ಮುಂದೆ ಅಲ್ಲಿಯ ರಕ್ಷಣಾ ದೋಣಿಯ ನಾಯಕನಾದ.